ಚಕ್ರವರ್ತಿಯ ಕಿವಿಯ ಹಿಂದಿನ ಕಿಲುಬು

2006ರ ಅಕ್ಟೋಬರ್ 17, ಮಂಗಳವಾರ. ದೀಪಾವಳಿ ಹತ್ತಿರವಾಗಿತ್ತು. ದಕ್ಷಿಣ ದೆಹಲಿಯ ಆ ಪೊಲೀಸ್ ಠಾಣೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೇ ಕಾಲಿಡಲು ಜಾಗವಿರಲಿಲ್ಲ. ಜೇಬುಗಳ್ಳತನ, ಪಟಾಕಿ ಅಂಗಡಿಯವರ ಜಗಳ, ಕಾರು ನಿಲ್ಲಿಸುವ ಜಾಗಕ್ಕಾಗಿ ಹೊಡೆದಾಟ. ಇವೆಲ್ಲದರ ನಡುವೆ ಡ್ಯೂಟಿ ಆಫೀಸರನ ಮೇಜಿನ ಮುಂದೆ ಐವತ್ತು ದಾಟಿದ ಹೆಂಗಸೊಬ್ಬರು ಸ್ಟೀಲಿನ ಪುಟ್ಟ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಡಬ್ಬಿಯೊಳಗೆ ಹಸಿರುಗಟ್ಟಿದ ಒಂದು ದಪ್ಪ ನಾಣ್ಯವಿತ್ತು.

"ಮಾತಾಜಿ, ನಾಣ್ಯ ನಿಮ್ಮ ಕೈಯಲ್ಲೇ ಇದೆ. ಕಳ್ಳತನ ಎಲ್ಲಾಯ್ತು?" ಡ್ಯೂಟಿ ಆಫೀಸರ್ ನಗುತ್ತ ಹಿಂದಿಯಲ್ಲಿ ಕೇಳಿದ. "ಕೊಳೆಯಾಗಿದೆ ಅಂತ ದೂರಾ? ಮನೆಗೆ ಹೋಗಿ ಚೆನ್ನಾಗಿ ತಿಕ್ಕಿ ತೊಳೆಯಿರಿ, ಚಲೋ."

ಪಕ್ಕದ ಬೆಂಚಿನವರೂ ನಕ್ಕರು. ಹೆಂಗಸು ಡಬ್ಬಿಯ ಮುಚ್ಚಳ ಹಾಕಿ, ಯಾರಿಗೂ ತಿಳಿಯದೆಂಬ ಧೈರ್ಯದಲ್ಲಿ ಕನ್ನಡದಲ್ಲೇ ಗೊಣಗಿಕೊಂಡರು. "ತೊಳೆದಿದ್ದಕ್ಕೇ ಅಲ್ವಾ ನಾನು ಇಲ್ಲಿಗೆ ಬಂದಿರೋದು."

ತಮ್ಮ ಕೋಣೆಯಿಂದ ಹೊರಬರುತ್ತಿದ್ದ ಇನ್ಸ್‌ಪೆಕ್ಟರ್ ಹೃಷಿಕೇಶ್ ಅಲ್ಲೇ ನಿಂತರು. ಅವರ ತಂದೆ ಕನ್ನಡಿಗರು, ಕೇಂದ್ರ ಸಚಿವಾಲಯವೊಂದರಲ್ಲಿ ಗುಮಾಸ್ತರಾಗಿದ್ದವರು. ಹೃಷಿಕೇಶ್ ಹುಟ್ಟಿ ಬೆಳೆದದ್ದೆಲ್ಲ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಠಾಣೆಯಲ್ಲಿ ಕನ್ನಡ ಕಿವಿಗೆ ಬೀಳುವುದು ವರ್ಷಕ್ಕೊಮ್ಮೆ.

"ಅಮ್ಮ, ಒಳಗೆ ಬನ್ನಿ," ಎಂದರು. ಆಮೇಲೆ ಡ್ಯೂಟಿ ಆಫೀಸರನ ಕಡೆ ತಿರುಗಿ ಒಂದು ನೋಟ ನೋಡಿದರು. ಬೆಂಚಿನವರ ನಗು ನಿಂತುಹೋಯಿತು.

ಹೆಂಗಸಿನ ಹೆಸರು ಶ್ರೀಲಕ್ಷ್ಮಿ. ಗಂಡ ಚಂದ್ರಕಾಂತ ಸೆಕ್ಷನ್ ಆಫೀಸರ್ ಆಗಿದ್ದವರು, ಚಿತ್ರದುರ್ಗದ ಕಡೆಯವರು. ಜೂನ್‌ನಲ್ಲಿ ಆಫೀಸಿನಲ್ಲೇ ಎದೆನೋವು ಬಂದು ತೀರಿಕೊಂಡಿದ್ದರು. ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಈಗ ತಾಯಿ ಮತ್ತು ಕಾಲೇಜು ಓದುವ ಮಗಳು ಮಾನ್ಯಾ ಇಬ್ಬರೇ. ಚಂದ್ರಕಾಂತರಿಗೆ ಒಂದೇ ಹುಚ್ಚು: ರೋಮನ್ ಚಕ್ರವರ್ತಿಗಳ ಕಂಚಿನ ನಾಣ್ಯ. ಬೆಳ್ಳಿ ಬಂಗಾರದ ಕಡೆ ಅವರು ತಿರುಗಿಯೂ ನೋಡಿದವರಲ್ಲ. ಕೆಂಪುಕೋಟೆಯ ಹಿಂದಿನ ಭಾನುವಾರದ ಸಂತೆ, ಹಳೆ ದೆಹಲಿಯ ಗಲ್ಲಿಗಳು, ಮನೆ ಖಾಲಿ ಮಾಡುವವರ ಅಟ್ಟ, ಹೀಗೆ ಇಪ್ಪತ್ತೈದು ವರ್ಷ ಸುತ್ತಿ ಮೂವತ್ತು ನಾಣ್ಯ ಕೂಡಿಸಿದ್ದರು.

"ಇದು ಯಾರ ನಾಣ್ಯ?" ಹೃಷಿಕೇಶ್ ಡಬ್ಬಿಯನ್ನು ಬೆಳಕಿಗೆ ಹಿಡಿದು ಕೇಳಿದರು.

"ಟ್ರೇಜನ್ ಅಂತ ಒಬ್ಬ ಚಕ್ರವರ್ತೀದು. ಅಂದ್ರೆ, ಆಗಿರಬೇಕಿತ್ತು. ಇದು ನಮ್ದಲ್ಲ."

"ಹೇಗೆ ಹೇಳ್ತೀರಿ?"

ಶ್ರೀಲಕ್ಷ್ಮಿ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡರು. "ಮೂರು ವರ್ಷದ ಹಿಂದೆ, ದೀಪಾವಳಿಗೆ ನೀರು ತುಂಬೋ ಹಬ್ಬದ ದಿನ, ಹಂಡೆ ಚೊಂಬು ದೇವರ ಪಾತ್ರೆ ಎಲ್ಲಾ ತಿಕ್ತಾ ಕೂತಿದ್ದೆ. ಅವರ ಮೇಜಿನ ಮೇಲೆ ಈ ನಾಣ್ಯ ಇತ್ತು. ಕಿಲುಬು ಹಿಡಿದಿತ್ತು. ಪಾಪ, ಇಷ್ಟು ಚೆನ್ನಾಗಿರೋ ಮುಖ ಕಾಣಿಸ್ತಾನೇ ಇಲ್ವಲ್ಲ ಅನ್ನಿಸ್ತು. ಹುಣಸೆಹಣ್ಣು ಉಪ್ಪು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿಬಿಟ್ಟೆ. ಬಂಗಾರದ ಹಾಗೆ ಹೊಳೀತು. ಸಂಜೆ ಅವರ ಕೈಗೆ ಕೊಟ್ಟೆ, ಖುಷಿ ಪಡ್ತಾರೆ ಅಂತ."

ಹೃಷಿಕೇಶರಿಗೆ ನಾಣ್ಯಶಾಸ್ತ್ರ ತಿಳಿಯದು. ಆದರೂ ಮುಂದೇನಾಯಿತೆಂದು ಊಹಿಸಲು ಕಷ್ಟವಾಗಲಿಲ್ಲ. ನಮ್ಮ ಹೆಂಗಸರಿಗೆ ಯಾವುದು ಕಿಲುಬೋ, ಸಂಗ್ರಾಹಕರಿಗೆ ಅದೇ ಎರಡು ಸಾವಿರ ವರ್ಷದ ಚರ್ಮ. ಸುಲಿದ ಮೇಲೆ ನಾಣ್ಯಕ್ಕೆ ಅವರ ಲೋಕದಲ್ಲಿ ಬೆಲೆಯಿಲ್ಲ.

"ಮೂರು ದಿನ ಮಾತಾಡಲಿಲ್ಲ ಅವರು. ಬೈಯಲೂ ಇಲ್ಲ. ನಾಲ್ಕನೇ ದಿನ ಅದನ್ನ ಮತ್ತೆ ಪೆಟ್ಟಿಗೇಲಿ ಇಟ್ಟು, 'ಯಾರಿಗೂ ಹೇಳ್ಬೇಡ, ಲಕ್ಷ್ಮೀ. ನಾಣ್ಯ ಸಂಘದೋರು ನಿನ್ನ ಹೆಸರು ಹೇಳ್ಕೊಂಡು ನಗ್ತಾರೆ' ಅಂದ್ರು. ಆಮೇಲೆ ಪೆಟ್ಟಿಗೇನ ಸಂಘಕ್ಕೆ ತಗೊಂಡು ಹೋಗೋದನ್ನೇ ಬಿಟ್ರು. ಕೇಳಿದೋರಿಗೆ ಮಂಡಿ ನೋವು ಅನ್ನೋರು. ನಿನ್ನೆ ಪಾತ್ರೆ ತೊಳೆಯೋಕೆ ಕೂತಾಗ ಅವರ ನೆನಪಾಯ್ತು. ಆ ನಾಣ್ಯ ಒಂದ್ಸಲ ನೋಡೋಣ ಅಂತ ಪೆಟ್ಟಿಗೆ ತೆಗೆದೆ. ನೋಡಿದ್ರೆ ಎಲ್ಲಾ ಒಂದೇ ಸಮ ಹಸಿರು. ನಾನು ತೊಳೆದಿದ್ದು ಎಲ್ಲೂ ಇಲ್ಲ."

"ಮೂರು ವರ್ಷಕ್ಕೆ ಮತ್ತೆ ಕಿಲುಬು ಕಟ್ಟಿರಬಹುದಲ್ಲ ಅಮ್ಮ?"

"ಕಟ್ಟಿದ್ರೂ ಇಷ್ಟು ಕಟ್ಟುತ್ತಾ? ಇನ್ನೊಂದು ವಿಷಯ ಇದೆ. ನಾನು ಎಷ್ಟು ತಿಕ್ಕಿದ್ರೂ ಅವನ ಕಿವಿ ಹಿಂದೆ ಎಳ್ಳುಕಾಳಿನಷ್ಟು ಕಿಲುಬು ಹೋಗಿರಲಿಲ್ಲ. ಅಲ್ಲೊಂದು ಕುಳಿ ಇತ್ತು. ಇದರಲ್ಲಿ ಆ ಕುಳಿಯೇ ಮುಚ್ಚಿಹೋಗಿದೆ."

ಹೃಷಿಕೇಶ್ ಪೆನ್ನು ತೆಗೆದುಕೊಂಡರು. "ಪೆಟ್ಟಿಗೆ ಯಾರ ಕೈಗೆ ಹೋಗಿತ್ತು?"

ಶ್ರೀಲಕ್ಷ್ಮಿ ಒಂದೇ ಹೆಸರು ಹೇಳಿದರು.

ಡಾಕ್ಟರ್ ಗೋಪಿನಾಥ ಇತಿಹಾಸದ ನಿವೃತ್ತ ಪ್ರಾಧ್ಯಾಪಕರು. ಇಂದಿರಾಪುರಂನ ಎತ್ತರದ ಕಟ್ಟಡವೊಂದರಲ್ಲಿ ಮನೆ. ನಾಣ್ಯ ಸಂಗ್ರಾಹಕರ ಸಣ್ಣ ಸಂಘವೊಂದರ ಕಾರ್ಯದರ್ಶಿ. ಚಂದ್ರಕಾಂತರ ಮನೆಯಲ್ಲಿ ಎಷ್ಟು ಸಲ ಉಂಡಿದ್ದರೋ ಲೆಕ್ಕವಿಲ್ಲ. ಶ್ರೀಲಕ್ಷ್ಮಿಯವರನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಚಂದ್ರಕಾಂತರ ಆಸೆಯಂತೆ ನಾಣ್ಯಗಳನ್ನು ಅವರೂರಿನ ಕಾಲೇಜಿಗೆ ಕೊಡುವುದೆಂದಾಗಿತ್ತು. ಅವರ ಹೆಸರಿನಲ್ಲಿ ಒಂದು ಕೋಣೆ ಮಾಡಿಡಲು ಕಾಲೇಜಿನವರು ಒಪ್ಪಿದ್ದರು. ಜುಲೈನಲ್ಲಿ ಗೋಪಿನಾಥ, ಕಳಿಸುವ ಮುಂಚೆ ಒಮ್ಮೆ ನೋಡಿಕೊಡುತ್ತೇನೆಂದು ಮನೆಗೆ ಬಂದರು. ಶ್ರೀಲಕ್ಷ್ಮಿ ಮರದ ಪೆಟ್ಟಿಗೆಯನ್ನು ಮುಂದಿಟ್ಟು ಕಾಫಿ ಮಾಡಲು ಒಳಗೆ ಹೋದರು. ಕಾಫಿ ತರುವಷ್ಟರಲ್ಲಿ ಗೋಪಿನಾಥ ಭೂತಗನ್ನಡಿ ಹಿಡಿದು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಅತ್ತಿಗೆ, ಹೇಳೋಕೆ ಸಂಕಟವಾಗುತ್ತೆ, ಮೂವತ್ತೂ ನಕಲಿ.

ಅಷ್ಟಕ್ಕೇ ಬಿಟ್ಟಿದ್ದರೆ ಬೇರೆ ಮಾತು. ಆಗಸ್ಟ್‌ನಲ್ಲಿ ಸಂಘದ ಶ್ರದ್ಧಾಂಜಲಿ ಸಭೆ ನಡೆಯಿತು. ತಿಂಗಳೊಪ್ಪತ್ತು ಊರಲ್ಲಿದ್ದು ಆಗಷ್ಟೇ ಮರಳಿದ್ದ ತಾಯಿ ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದರು. ಹೂವಿನ ಹಾರ ಹಾಕಿದ ಫೋಟೋದ ಪಕ್ಕ ನಿಂತು ಗೋಪಿನಾಥ, ನಮ್ಮ ಗೆಳೆಯ ಇಟ್ಟಿದ್ದುದೆಲ್ಲ ನಕಲಿ, ಅವರಿಂದ ನಾಣ್ಯ ವಿನಿಮಯ ಮಾಡಿಕೊಂಡವರು ದಯವಿಟ್ಟು ಪರೀಕ್ಷಿಸಿಕೊಳ್ಳಿ ಎಂದರು. ಜನ ಗುಸುಗುಸು ಶುರುಮಾಡಿದರು. ಮೋಸಹೋದವನೋ, ಮೋಸ ಮಾಡಿದವನೋ? ವಾರದೊಳಗೆ ಕಾಲೇಜಿನವರೂ ಹಿಂದೆ ಸರಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಸತ್ತವನ ಮಾನವಂತೂ, ತಿರುಗಿ ಬಂದು ತಾನೇ ಕೇಳುವ ಹಾಗೂ ಇಲ್ಲ.

"ನನಗೆ ನಾಣ್ಯ ಬೇಡ ಸಾರ್," ಎಂದರು ಶ್ರೀಲಕ್ಷ್ಮಿ. "ನಮ್ಮ ಯಜಮಾನರು ಮೋಸಗಾರರಲ್ಲ ಅಂತ ಆ ಜನರ ಮುಂದೆ ಗೊತ್ತಾಗ್ಬೇಕು. ಅಷ್ಟೇ."

ಆ ಮಧ್ಯಾಹ್ನವೇ ಮನೆಯೊಳಗಿನ ಕಳವು ಮತ್ತು ವಂಚನೆ, ಭಾರತ ದಂಡ ಸಂಹಿತೆ ಕಲಂ 380 ಮತ್ತು 420ರಡಿ ಎಫ್‌ಐಆರ್ ದಾಖಲಾಯಿತು. ಹುಣಸೆಹಣ್ಣು, ತೆಂಗಿನ ನಾರು, ಕಿವಿಯ ಹಿಂದಿನ ಎಳ್ಳುಕಾಳಿನಷ್ಟು ಕಿಲುಬು, ಒಂದನ್ನೂ ಬಿಡದೆ ಬರೆಸಿದರು ಹೃಷಿಕೇಶ್. ಬರೆದುಕೊಂಡ ಹೆಡ್ ಕಾನ್‌ಸ್ಟೇಬಲ್ ದಲ್ಬೀರ್ ಸಿಂಗ್ ರೋಹ್ತಕ್ ಕಡೆಯವನು, ಎಮ್ಮೆ ಸಾಕುವ ಮನೆತನದವನು.

"ಸಾಬ್, ಕೇಸು ಹುಣಸೆಹಣ್ಣಿನ ಮೇಲೆ ನಿಲ್ಲುತ್ತಾ?" ಎಂದು ಕೇಳಿದ.

ಪ್ರಶ್ನೆ ಸರಿಯಾಗಿಯೇ ಇತ್ತು. ಮರುದಿನ ಸರ್ಕಾರಿ ವಸ್ತುಸಂಗ್ರಹಾಲಯದ ತಜ್ಞರೊಬ್ಬರು ಡಬ್ಬಿಯ ನಾಣ್ಯ ನೋಡಿದರು. ರೋಮನರು ನಾಣ್ಯವನ್ನು ಸುತ್ತಿಗೆಯಿಂದ ಬಡಿದು ಮುದ್ರೆ ಒತ್ತುತ್ತಿದ್ದರು, ಇದು ಅಚ್ಚಿನಲ್ಲಿ ಎರಕ ಹೊಯ್ದದ್ದು, ಅಂಚಿನಲ್ಲಿ ಅರ ಹಾಕಿ ಉಜ್ಜಿದ ಗುರುತಿದೆ ಎಂದರು. ಅಂದರೆ ನಕಲಿ. ಆದರೆ ಗೋಪಿನಾಥ ಹೇಳಿದ್ದೂ ಅದನ್ನೇ. ನಕಲಿಗಳು ಮೊದಲಿನಿಂದ ಚಂದ್ರಕಾಂತರ ಬಳಿ ಇದ್ದವುಗಳಲ್ಲ ಎಂಬುದಕ್ಕೆ ಹೆಂಡತಿಯ ಮಾತೊಂದೇ ಸಾಕ್ಷಿ. ಯಾವ ವಕೀಲನಾದರೂ ಅದನ್ನು ಬೀಡಿ ಸೇದಿ ಊದಿದಷ್ಟು ಸುಲಭವಾಗಿ ಊದಿಬಿಡುತ್ತಾನೆ.

ಬುಧವಾರ ಸಂಜೆ ಹೃಷಿಕೇಶ್, ದಲ್ಬೀರ್ ಇಬ್ಬರೂ ಕ್ವಾರ್ಟರ್ಸಿಗೆ ಹೋದರು.

"ಪೆಟ್ಟಿಗೆ ಹಿಂದೆ ಯಾವಾಗಲಾದ್ರೂ ಗೋಪಿನಾಥರ ಹತ್ತಿರ ಇತ್ತಾ?"

"2001ರಲ್ಲಿ ಪ್ರದರ್ಶನ ಮಾಡಿದ್ರು. ಆಗ ಹದಿನೈದು ದಿನ ಅವರ ಮನೇಲೇ ಇತ್ತು."

"ಅಮ್ಮ ತೊಳೆಯೋಕೆ ಮುಂಚೆ," ಎಂದಳು ಮಾನ್ಯಾ. ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಗೆ ಹೊರಳುತ್ತಿತ್ತು. "ಅಂಕಲ್, ಮೌಲ್ಡ್ ಆವಾಗಲೇ ತೆಗೆದಿರ್ತಾರೆ ನಾ? ಇಸೀಲಿಯೇ ಇದು ಗ್ರೀನ್ ಇದೆ. ಅಮ್ಮ ತೊಳೆದಿದ್ದು ಅವರಿಗೆ ಗೊತ್ತೇ ಇರಲಿಲ್ಲ, ಪತಾ ಹೀ ನಹೀ ಥಾ."

"ಪೆಟ್ಟಿಗೆ ಬದಲಾಗಿದ್ರೆ ಗೊತ್ತಾಗ್ತಿರಲಿಲ್ವಾ?"

"ಸಂಘದೋರೆಲ್ಲ ಒಬ್ಬನೇ ಬಡಗಿ ಹತ್ರ ಮಾಡಿಸಿದ್ದು. ಎಲ್ಲರದೂ ಒಂದೇ ಥರ," ಎಂದರು ಶ್ರೀಲಕ್ಷ್ಮಿ.

ಹಾಗಾದರೆ ಗೋಪಿನಾಥರಿಗೆ ಬಿಚ್ಚಿ ನೋಡುವ ಅಗತ್ಯವೂ ಇರಲಿಲ್ಲ. ಮುಚ್ಚಿದ ಪೆಟ್ಟಿಗೆ ಚೀಲದೊಳಕ್ಕೆ, ಚೀಲದಿಂದ ಇನ್ನೊಂದು ಮುಚ್ಚಿದ ಪೆಟ್ಟಿಗೆ ಮೇಜಿನ ಮೇಲಕ್ಕೆ. ಕಾಫಿ ಸೋಸುವಷ್ಟು ಹೊತ್ತು ಸಾಕು. ಅಸಲಿ ಪೆಟ್ಟಿಗೆಯನ್ನು ಮನೆಗೊಯ್ದು ತೆರೆದಾಗಲೇ ಹೊಳೆಯುವ ಟ್ರೇಜನ್ ಕಂಡಿರಬೇಕು.

"ಆಮೇಲೆ ಅವರು ಫೋನ್ ಮಾಡಿದ್ರಾ?"

"ನಾಲ್ಕೈದು ಸಲ. ಪೆಟ್ಟಿಗೆ ಇನ್ನೊಂದು ಸಲ ನೋಡ್ಬೇಕಿತ್ತು ಅಂತಾರೆ. ಸಭೆ ಆದಮೇಲೆ ನಾನು ಅವರ ದನಿ ಕೇಳಿದ್ರೆ ಫೋನ್ ಇಟ್ಟುಬಿಡ್ತೀನಿ."

ಮೂವತ್ತೂ ನಕಲಿ ಎಂದು ಊರಿಗೆಲ್ಲ ಸಾರಿದವನಿಗೆ ಮತ್ತೆ ನೋಡುವುದೇನಿದೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಮನುಷ್ಯ ಯಾರೂ ಕಳ್ಳ ಎನ್ನುವ ಮೊದಲೇ ಹೆಗಲು ತಡವಿಕೊಳ್ಳುತ್ತಿದ್ದ. ಹೃಷಿಕೇಶ್ ಫೋನಿನ ಕಡೆ ಬೆರಳು ತೋರಿಸಿದರು.

"ನೀವೇ ಕರೀರಿ. ಹಬ್ಬ ಮುಗಿದ ಮೇಲೆ ಕಾಲೇಜಿನವರು ಇನ್ನೊಬ್ಬರಿಂದ ಪರೀಕ್ಷೆ ಮಾಡಿಸ್ತಾರಂತೆ ಅನ್ನಿ. ನೋಡೋದಿದ್ರೆ ಅದಕ್ಕೂ ಮುಂಚೆ ಬರಲಿ."

ಶ್ರೀಲಕ್ಷ್ಮಿ ಹೇಳಿಕೊಟ್ಟಷ್ಟನ್ನೂ ಹೇಳಿದರು. ಆಮೇಲೆ ತಾವಾಗಿಯೇ ಒಂದು ಮಾತು ಸೇರಿಸಿದರು. "ನಾಳಿದ್ದು ಹಬ್ಬದ ಪಾತ್ರೆ ತೊಳೀತೀನಿ. ಆಗ ನಾನೂ ಒಂದ್ಸಲ ಪೆಟ್ಟಿಗೆ ತೆಗೆದು ನೋಡೋಣ ಅಂತಿದೀನಿ. ಇದುವರೆಗೂ ನೋಡೋಕೆ ಮನಸ್ಸೇ ಬಂದಿರಲಿಲ್ಲ."

ಆ ಕಡೆಯಿಂದ ಗೋಪಿನಾಥರ ದನಿ, ಬೆಣ್ಣೆಯಷ್ಟು ಮೆತ್ತಗೆ. "ನಾಳೆ ಬೆಳಿಗ್ಗೇನೇ ಬರ್ತೀನಿ ಅತ್ತಿಗೆ."

ದಲ್ಬೀರ್‌ಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಇನ್ಸ್‌ಪೆಕ್ಟರರ ಮುಖ ಓದಲು ಬರುತ್ತಿತ್ತು. "ಮೇಡಂ ನಮ್ಮ ಇಲಾಖೆಗೆ ಬರಬೇಕಿತ್ತು," ಎಂದ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಪಂಚನಾಮೆ. ಪಂಚರಾಗಿ ಬಂದವರು ಮೇಲಿನ ಮಹಡಿಯ ಇಂದಿರಮ್ಮ ಮತ್ತು ಎದುರು ಮನೆಯ ಬಂಗಾಳಿ ಮಿತ್ರಾ ಬಾಬು. ದೆಹಲಿಯಲ್ಲಿ ಪಂಚನಾಮೆಗೆ ಸಹಿ ಹಾಕಿ ಎಂದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಇವರು ಕರೆಯದೆಯೂ ಬಂದಿದ್ದರು. ಪೆಟ್ಟಿಗೆಯಲ್ಲಿ ಮೂವತ್ತು ಹಸಿರು ನಾಣ್ಯ ಇರುವುದನ್ನು ಇಬ್ಬರೂ ನೋಡಿದರು. ಟ್ರೇಜನ್‌ನ ನಾಣ್ಯದ ಅಂಚಿಗೆ ಮಾನ್ಯಾಳ ಉಗುರುಬಣ್ಣದಿಂದ ಸಾಸಿವೆಯಷ್ಟು ಕೆಂಪು ಚುಕ್ಕೆ ಇಟ್ಟರು. ಅದನ್ನೂ ಬರೆದು ಎಲ್ಲರೂ ಸಹಿ ಹಾಕಿದರು. ಆಮೇಲೆ ಪೊಲೀಸರು ಮತ್ತು ಪಂಚರು ಒಳಕೋಣೆಗೆ ಸೇರಿಕೊಂಡು ಬಾಗಿಲು ಓರೆ ಮಾಡಿದರು. ಇಂದಿರಮ್ಮನವರಿಗೆ ಅಷ್ಟು ಹೊತ್ತು ಮಾತಾಡದೆ ಕೂರುವುದೇ ದೊಡ್ಡ ಶಿಕ್ಷೆಯಾಗಿತ್ತು.

ಗೋಪಿನಾಥ ಹತ್ತೂವರೆಗೆ ಬಂದರು. ಖಾದಿ ಜುಬ್ಬಾ, ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಹಬ್ಬದ ಸಿಹಿಯ ಪೊಟ್ಟಣ.

"ಮಾನ್ಯಾ ಇಲ್ವಾ ಅತ್ತಿಗೆ?"

"ಕಾಲೇಜಿಗೆ ಹೋದಳು. ಕೂತ್ಕೊಳ್ಳಿ, ಪೆಟ್ಟಿಗೆ ಅಲ್ಲೇ ಇದೆ. ಕಾಫಿ ತರ್ತೀನಿ."

"ನಿಮ್ಮ ಕೈ ಕಾಫಿ ಕುಡಿದು ಎಷ್ಟು ದಿನ ಆಯ್ತು."

ಅಡುಗೆಮನೆಯಲ್ಲಿ ಸ್ಟೌವ್ ಹೊತ್ತಿಸಿದ ಸದ್ದು, ಪಾತ್ರೆಯ ಸದ್ದು. ಹೊರಗೆ ಪೆಟ್ಟಿಗೆಯ ಮುಚ್ಚಳ ಕಿರ್ರೆಂದಿತು. ಬಾಗಿಲ ಸಂದಿಯಿಂದ ಹೃಷಿಕೇಶರಿಗೆ ಕಂಡದ್ದು ಬರಿ ಬೆನ್ನು ಮತ್ತು ಒಂದು ಮೊಣಕೈ. ಆ ಮೊಣಕೈ ಜುಬ್ಬಾದ ಜೇಬಿನ ಕಡೆಗೆ ಒಮ್ಮೆ ಹೋಗಿ ಬಂತು, ಮತ್ತೊಮ್ಮೆ ಹೋಗಿ ಬಂತು.

ಶ್ರೀಲಕ್ಷ್ಮಿ ಕಾಫಿ ತಂದಿಟ್ಟರು.

"ನೋಡಿದೆ ಅತ್ತಿಗೆ. ಏನೂ ಬದಲಾವಣೆ ಇಲ್ಲ," ಎಂದು ಗೋಪಿನಾಥ ನಿಟ್ಟುಸಿರುಬಿಟ್ಟರು. "ಪಾಪ ಚಂದ್ರಕಾಂತ. ಒಳ್ಳೇ ಮನುಷ್ಯ, ಆದರೆ ಕಣ್ಣಿರಲಿಲ್ಲ."

ಹೃಷಿಕೇಶರಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಕೊಲೆಗಾರರನ್ನು ಕಂಡಿದ್ದರು, ಎಳೆ ಮಕ್ಕಳ ಓಲೆ ಕಿತ್ತವರನ್ನು ಕಂಡಿದ್ದರು. ಕದ್ದ ಮನೆಯಲ್ಲೇ ಕೂತು, ಗೆಳೆಯನ ಹೆಂಡತಿ ಮಾಡಿದ ಕಾಫಿ ಕುಡಿಯುತ್ತ, ಸತ್ತವನಿಗೆ ಪಾಪ ಎನ್ನುವವನನ್ನು ಕಂಡಿರಲಿಲ್ಲ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ಅವರು ಬಾಗಿಲು ತಳ್ಳಿ ಹೊರಬಂದರು.

"ಬಲಗಡೆ ಜೇಬಿನಲ್ಲಿ ಇರೋದನ್ನ ಮೇಜಿನ ಮೇಲಿಡಿ."

ಗೋಪಿನಾಥ ಎದ್ದು ನಿಂತ. ಇನ್ನು ಮೇಲೆ ಅವನಿಗೆ ಬಹುವಚನ ಬೇಡ. ಜೇಬಿನಿಂದ ಹಸಿರು ನಾಣ್ಯ ಹೊರಬಂತು. ಅಂಚಿನಲ್ಲಿ ಕೆಂಪು ಚುಕ್ಕೆ. ಪೆಟ್ಟಿಗೆಯ ಆ ಗುಳಿಯಲ್ಲಿ ಈಗ ಹಿತ್ತಾಳೆ ಚೊಂಬಿನಂತೆ ಹೊಳೆಯುವ ನಾಣ್ಯವಿತ್ತು.

"ಅದು ನನ್ನದೇ ನಾಣ್ಯ," ಎಂದ ಗೋಪಿನಾಥ. "ಹೋಲಿಸಿ ನೋಡೋಕೆ ತಂದಿದ್ದೆ. ಕೈತಪ್ಪಿ ಅದಲು ಬದಲಾಯ್ತು."

"ನಿಮ್ಮದೇ?"

"ಹೌದು."

ಹೃಷಿಕೇಶ್ ಎಫ್‌ಐಆರ್‌ನ ಪ್ರತಿ ತೆಗೆದು ಶ್ರೀಲಕ್ಷ್ಮಿಯವರ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ನಂತರ ನಾಣ್ಯವನ್ನು ಮಿತ್ರಾ ಬಾಬು ಕೈಗೆ, ಅವರಿಂದ ಇಂದಿರಮ್ಮನವರ ಕೈಗೆ ಕೊಟ್ಟರು. ಚಕ್ರವರ್ತಿಯ ಕಿವಿಯ ಹಿಂದೆ, ಕುಳಿಯೊಳಗೆ, ಎಳ್ಳುಕಾಳಿನಷ್ಟು ಕಿಲುಬು ಉಳಿದಿತ್ತು.

"ಇದೇ ಕಣ್ರೀ," ಎಂದರು ಇಂದಿರಮ್ಮ, ಬೆಳಗಿನಿಂದ ಕಟ್ಟಿಟ್ಟಿದ್ದ ಬಾಯಿ ಬಿಟ್ಟು. "ಹುಣಸೆಹಣ್ಣಲ್ಲಿ ತೊಳೆದಿದ್ದು ನನಗೆ ಗೊತ್ತಾಗಲ್ವಾ?"

ಎರಡನೇ ಪಂಚನಾಮೆ ಮುಗಿಯುವಾಗ ಕಾಫಿಯ ಮೇಲೆ ಕೆನೆಗಟ್ಟಿತ್ತು. ಶ್ರೀಲಕ್ಷ್ಮಿ ಆ ಲೋಟವನ್ನೆತ್ತಿ ಒಳಗೊಯ್ದು, ಎಲ್ಲರಿಗೂ ಕೇಳುವಂತೆ ಬಚ್ಚಲಿಗೆ ಚೆಲ್ಲಿದರು.

ಇಂದಿರಾಪುರಂ ಉತ್ತರ ಪ್ರದೇಶದ ಗಡಿಯೊಳಗೆ. ಅಲ್ಲಿನ ಠಾಣೆಗೆ ತಿಳಿಸಿ, ಅವರ ಒಬ್ಬ ಸಿಪಾಯಿಯನ್ನು ಜೊತೆಗೆ ಕರೆದುಕೊಂಡು ಮಧ್ಯಾಹ್ನ ಶೋಧಕ್ಕೆ ಹೋದರು. ಬಾಗಿಲು ತೆರೆದ ಗೋಪಿನಾಥನ ಹೆಂಡತಿಗೆ ಏನೂ ಗೊತ್ತಿರಲಿಲ್ಲ. ಓದುವ ಕೋಣೆಯ ಬೀರುವಿನಲ್ಲಿ ಚಂದ್ರಕಾಂತರ ಪೆಟ್ಟಿಗೆ ಸಿಕ್ಕಿತು. ಇಪ್ಪತ್ತೊಂಬತ್ತು ನಾಣ್ಯ, ಒಂದು ಖಾಲಿ ಗುಳಿ. ಮೊರಾದಾಬಾದಿನ ಯಾವುದೋ ಎರಕದವನಿಗೆ ಕೊಟ್ಟಿದ್ದ ಅಚ್ಚುಗಳೂ ಕೆಳಗಿನ ಖಾನೆಯಲ್ಲಿದ್ದವು. ಹೃಷಿಕೇಶರನ್ನು ಕೆರಳಿಸಿದ್ದು ಅವಲ್ಲ. ಪ್ರತಿಯೊಂದು ನಾಣ್ಯದ ಕೆಳಗೆ ಹೊಸದಾಗಿ, ಮುತ್ತು ಪೋಣಿಸಿದಂತೆ ಬರೆದ ಒಂದೊಂದು ಚೀಟಿ: ಡಾ. ಗೋಪಿನಾಥ ಅವರ ಸಂಗ್ರಹ. ಯಾರಿಗೂ ತೋರಿಸಲಾಗದ ನಾಣ್ಯಗಳಿಗೆ, ಬೀರುವಿನ ಕತ್ತಲಲ್ಲಿ, ತನಗೆ ತಾನೇ ಬರೆದುಕೊಂಡ ಹೆಸರು.

ಸಂಜೆ ಬಂಧನದ ಕಾಗದಪತ್ರಗಳಾದವು. ಅಷ್ಟರಲ್ಲೇ ಠಾಣೆಯ ಫೋನು ಬಡಿದುಕೊಳ್ಳತೊಡಗಿತ್ತು. ಸಂಘದವರು, ದೊಡ್ಡ ಹುದ್ದೆಯಲ್ಲಿರುವ ಹಳೆಯ ಶಿಷ್ಯರು. ವಿದ್ವಾಂಸರು ಸಾರ್, ವಯಸ್ಸಾದವರು, ನಾಲ್ಕು ಹಳೆಯ ಪೈಸೆಗೆ ಇಷ್ಟು ರಾದ್ಧಾಂತ ಬೇಕೇ? ಆಗಸ್ಟ್‌ನ ಸಭೆಯಲ್ಲಿ ಈ ಬಾಯಿಗಳೆಲ್ಲ ಎಲ್ಲಿದ್ದವು ಎಂದು ಹೃಷಿಕೇಶ್ ಒಬ್ಬೊಬ್ಬರನ್ನೂ ಕೇಳಿದರು. ಫೋನುಗಳು ನಿಂತವು.

"ಯಾಕೆ?" ಎಂದು ಗೋಪಿನಾಥನನ್ನು ಹಿಂದಿಯಲ್ಲಿ ಕೇಳಿದರು.

"ಒಂದನ್ನೂ ಮಾರಿಲ್ಲ."

"ಗೊತ್ತು. ಯಾಕೆ ತಗೊಂಡ್ರಿ?"

"ಮೂವತ್ತು ವರ್ಷ ರೋಮಿನ ಪಾಠ ಮಾಡಿದೀನಿ. ಸಂಘದ ಪ್ರತಿ ಪ್ರದರ್ಶನಕ್ಕೂ ಚೀಟಿ ಬರೆಯೋನು ನಾನೇ. ಚಂದ್ರಕಾಂತ ಅವರ ಸಂಗ್ರಹ, ಇಂಥವರ ಸಂಗ್ರಹ, ಅಂಥವರ ಸಂಗ್ರಹ. ನಾನು ಬರೆದ ಒಂದು ಚೀಟೀಲೂ ನನ್ನ ಹೆಸರಿರಲಿಲ್ಲ."

"ಟ್ರೇಜನ್‌ನ ಯಾಕೆ ವಾಪಸ್ ತಂದ್ರಿ? ಇನ್ನೊಂದು ನಕಲಿ ಮಾಡಿ, ತಿಕ್ಕಿ ಇಡಬಹುದಿತ್ತಲ್ಲ."

"ಅದು ಹಾಳಾದ ನಾಣ್ಯ. ನನಗೆ ಬೇಕಿರಲಿಲ್ಲ."

ದಲ್ಬೀರ್ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. ಹೃಷಿಕೇಶ್ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು.

"ಕದ್ದಿದ್ದು ಅರ್ಥ ಆಯ್ತು. ನಕಲಿ ಅಂತ ಅವರ ಹೆಂಡತಿಗೆ ಹೇಳಿ ಸುಮ್ಮನಿರಬಹುದಿತ್ತು. ಸಭೇಲಿ, ಫೋಟೋ ಪಕ್ಕ ನಿಂತು ಆ ಮಾತು ಯಾಕೆ?"

ಗೋಪಿನಾಥ ಮೇಜಿನ ಮೇಲಿನ ಗೀರೊಂದನ್ನು ಉಗುರಿನಿಂದ ಕೆರೆದ.

"ಎಲ್ಲರೂ ಅವನ ಬಗ್ಗೆ ಮಾತಾಡ್ತಿದ್ರು. ಒಬ್ಬರಾದ ಮೇಲೆ ಒಬ್ಬರು. ಕೆಲವರು ಅಳ್ತಿದ್ರು," ಎಂದ. "ನನಗೆ ತಡೆಯೋಕಾಗಲಿಲ್ಲ."

ಸತ್ತವನ ಹೆಸರಿಗೆ ಮಸಿ ಬಳಿದದ್ದಕ್ಕೆ ಪೊಲೀಸರು ತಾವಾಗಿಯೇ ಕೈಹಾಕುವಂಥ ಕಲಂ ಇಲ್ಲ. ನಾಣ್ಯ ಕದ್ದರೆ ಬೇಡಿ ಹಾಕಬಹುದು, ಮಾನ ಕದ್ದರೆ ಮನೆಯವರೇ ಕೋರ್ಟಿನ ಮೆಟ್ಟಿಲು ಹತ್ತಬೇಕು. ಇದೆಂಥ ನ್ಯಾಯವೆಂದು ಹೃಷಿಕೇಶ್ ಹಲ್ಲು ಕಡಿದರು. ಕೊನೆಗೆ ಗೋಪಿನಾಥನ ಆ ಮಾತುಗಳನ್ನು ಕೇಸ್ ಡೈರಿಯಲ್ಲಿ ಒಂದಕ್ಷರ ಬಿಡದೆ ಬರೆಸಿದರು. ಸಂಘದ ಸದಸ್ಯರನ್ನೂ ಒಬ್ಬೊಬ್ಬರಾಗಿ ಠಾಣೆಗೆ ಕರೆಸಿ, ಸಭೆಯಲ್ಲಿ ಕೇಳಿದ್ದೇನೆಂದು ಅವರ ಬಾಯಿಂದಲೇ ಹೇಳಿಸಿ, ಬೀರುವಿನಲ್ಲಿ ಸಿಕ್ಕಿದ್ದೇನೆಂದು ತೋರಿಸಿ ಕಳಿಸಿದರು. ಹೊರಗೆ ಬೆಂಚಿನ ಮೇಲೆ ಶ್ರೀಲಕ್ಷ್ಮಿ ಕೂತಿರುತ್ತಿದ್ದರು. ಹೊರಬಂದವರೆಲ್ಲ ಅವರನ್ನು ದಾಟಿಯೇ ಹೋಗಬೇಕಿತ್ತು. ಕೆಲವರು ಕೈಮುಗಿದರು, ಕೆಲವರು ನೆಲ ನೋಡಿಕೊಂಡು ಹೋದರು.

ನಾಣ್ಯಗಳು ಆ ದೀಪಾವಳಿಯನ್ನು ಜಪ್ತಿ ಮಾಲು ಇಡುವ ಠಾಣೆಯ ಮಾಲ್‌ಖಾನೆಯಲ್ಲಿ ಕಳೆದವು. ಮಾರ್ಚ್‌ನಲ್ಲಿ ನ್ಯಾಯಾಲಯ ಅವನ್ನು ಶ್ರೀಲಕ್ಷ್ಮಿಯವರ ವಶಕ್ಕೆ ಕೊಟ್ಟಿತು. ಕಾಲೇಜಿನವರು ಕ್ಷಮೆ ಕೇಳಿ, ವಿಚಾರಣೆ ಮುಗಿಯುವ ಹೊತ್ತಿಗೆ ಕೋಣೆ ಸಿದ್ಧವಾಗಿರುತ್ತದೆ ಎಂದು ತಿಳಿಸಿದ್ದರು. ಸಹಿ ಹಾಕಲು ಬಂದ ದಿನ ಶ್ರೀಲಕ್ಷ್ಮಿ ಚೀಲದಿಂದ ತಾವೇ ಬರೆದ ಒಂದು ಚೀಟಿ ತೆಗೆದು ಹೃಷಿಕೇಶರ ಮುಂದಿಟ್ಟರು. ಟ್ರೇಜನ್‌ನ ನಾಣ್ಯದ ಕೆಳಗೆ ಇಡಲು, ತಪ್ಪಿದ್ದರೆ ತಿದ್ದಿಕೊಡಿ ಎಂದರು.

ಹೃಷಿಕೇಶ್ ಓದಿದರು. "ಚಂದ್ರಕಾಂತ ಅವರ ಸಂಗ್ರಹ. ಇದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಹಾಳು ಮಾಡಿದವಳು ಅವರ ಹೆಂಡತಿ ಶ್ರೀಲಕ್ಷ್ಮಿ."

"ಎರಡನೇ ಸಾಲು ಬೇಕಾ ಅಮ್ಮ? ಬಂದೋರು ಓದಿ ನಗ್ತಾರೆ."

"ನಗಲಿ ಬಿಡಿ," ಎಂದರು ಶ್ರೀಲಕ್ಷ್ಮಿ, ಪೆಟ್ಟಿಗೆಯನ್ನು ಮಡಿಲಿಗೆಳೆದುಕೊಳ್ಳುತ್ತ. "ನಗಬಾರದು ಅಂತ ಅವರು ಮೂರು ವರ್ಷ ಮಂಡಿ ನೋವು ಅಂತ ಸುಳ್ಳು ಹೇಳಿದ್ರು."